ಮಿಡಜೋಲಾಂ ಕೊಟ್ಟ ಮೇಲೆ ಮಾತು ಎಲ್ಲಿಗೆ ಹೋಗುತ್ತೆ? ನೆನಪಿನ ರಸಾಯನದ ಬಗ್ಗೆ ಆರು ವಾರದ ಕೋರ್ಸ್ ಮಾಡಿದ ಅನುಭವ

ನಾನು ಆಪರೇಷನ್ ಥಿಯೇಟರ್ ನರ್ಸ್. ಈ ಕೆಲಸಕ್ಕೆ ಬಂದು 19 ವರ್ಷ ಆಯ್ತು. ಹೆಚ್ಚಿನ ದಿನ ನನ್ನ ಜಾಗ ಅನಸ್ತೇಶಿಯಾ ಡಾಕ್ಟರ ಪಕ್ಕದಲ್ಲಿ. ಔಷಧಿ ಟ್ರೇ ಜೋಡಿಸುವುದು, ಸಿರಿಂಜಿಗೆ ಲೇಬಲ್ ಅಂಟಿಸುವುದು, ರೋಗಿ ಹೆದರಿದ್ದರೆ ಕೈ ಹಿಡಿದು ಮಾತಾಡಿಸುವುದು. ಈ ಕೊನೆಯ ಕೆಲಸವನ್ನು ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ. ನನಗೆ ಅದೇ ಮುಖ್ಯ.

ಕಳೆದ ವರ್ಷ ವಯಸ್ಸಾದ ಒಬ್ಬ ಅಮ್ಮ ಮಂಡಿ ಆಪರೇಷನ್‌ಗೆ ಬಂದಿದ್ದರು. ಬೆನ್ನಿಗೆ ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟಾಗಿತ್ತು. ತುಂಬಾ ಗಾಬರಿಯಾಗಿದ್ದರು ಅಂತ ಡಾಕ್ಟರ್ ಸ್ವಲ್ಪ ಮಿಡಜೋಲಾಂ ಕೊಟ್ಟರು. ಐದು ನಿಮಿಷದಲ್ಲಿ ಅವರ ಮುಖ ಸಡಿಲವಾಯಿತು. ಮಾತು ಶುರುವಾಯಿತು. ಮೊಮ್ಮಗಳಿಗೆ ಅಜ್ಜಿ ಅನ್ನೋಕೆ ಬರಲ್ವಂತೆ, ‘ಜಜ್ಜಿ’ ಅಂತಾಳಂತೆ. ಆಪರೇಷನ್ ಮುಗಿಯುವವರೆಗೂ ಆ ಮಗುವಿನ ಮಾತೇ. ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು, ನಕ್ಕರು, ಒಂದು ಸಲ ಕಣ್ಣೊರೆಸಿಕೊಂಡರು ಕೂಡ.

ಮರುದಿನ ವಾರ್ಡಿಗೆ ಹೋದಾಗ ನೋಡಲು ಹೋದೆ. “ಏನ್ ಜಜ್ಜಿ, ನೋವು ಹೇಗಿದೆ?” ಅಂದೆ. ಅವರು ಬೆಚ್ಚಿಬಿದ್ದರು. “ಆ ಹೆಸರು ನಿಮಗೆ ಹೇಗೆ ಗೊತ್ತು ಸಿಸ್ಟರ್?” ಅಂದರು. ಕೈಗೆ ಕ್ಯಾನುಲಾ ಹಾಕಿದ್ದು ನಾನೇ ಅನ್ನುವುದು ನೆನಪಿತ್ತು. ಬೆನ್ನಿಗೆ ಸೂಜಿ ಚುಚ್ಚುವಾಗ ನಾನು ಭುಜ ಹಿಡಿದುಕೊಂಡಿದ್ದೂ ನೆನಪಿತ್ತು. “ಆಮೇಲೆ ನಿದ್ದೆ ಹೋದೆ, ಎದ್ದಾಗ ವಾರ್ಡಿನಲ್ಲಿದ್ದೆ” ಅಂದರು. ಅವರು ನಿದ್ದೆ ಹೋಗಿರಲೇ ಇಲ್ಲ.

ಹೀಗಾಗುತ್ತೆ ಅನ್ನುವುದು ನಮಗೆಲ್ಲ ಗೊತ್ತು. ನರ್ಸಿಂಗ್ ಪುಸ್ತಕದಲ್ಲಿ ಒಂದು ಸಾಲು ಇರುತ್ತೆ: ಮಿಡಜೋಲಾಂ ಮರೆವು ತರಿಸುತ್ತದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಅವತ್ತು ಆ ಅಮ್ಮನ ಕಣ್ಣಲ್ಲಿದ್ದ ಗಾಬರಿ ನನ್ನನ್ನು ಬಿಡಲಿಲ್ಲ. ಮಾತಾಡಿದ ಬಾಯಿ ಇತ್ತು, ಕೇಳಿದ ಕಿವಿ ಇತ್ತು, ಅರ್ಥ ಮಾಡಿಕೊಂಡ ಮನಸ್ಸಿತ್ತು. ಹಾಗಾದ್ರೆ ಯಾವುದು ಇರಲಿಲ್ಲ? ಇದೊಂದೇ ಪ್ರಶ್ನೆ ಇಟ್ಟುಕೊಂಡು ನಾನು ಈ ಆನ್‌ಲೈನ್ ಕೋರ್ಸಿಗೆ ಸೇರಿದೆ. ನೆನಪು ಮತ್ತು ಕಲಿಕೆಯ ಸಮಯದಲ್ಲಿ ಮೆದುಳಿನ ಕೋಶಗಳಲ್ಲಿ ಏನಾಗುತ್ತೆ ಅನ್ನುವುದೇ ಇದರ ವಿಷಯ. ಆರು ವಾರ, ವಾರಕ್ಕೆ ಸುಮಾರು ನಾಲ್ಕು ಗಂಟೆ. ಪಾಠ ಇಂಗ್ಲಿಷಿನಲ್ಲಿ.

ಕೋರ್ಸಿನ ಹೆಸರನ್ನು ಬೇಕಂತಲೇ ಹಾಕಿಲ್ಲ. ನನಗೆ ದೂರುಗಳೂ ಇವೆ, ಅವನ್ನು ಬಿಚ್ಚಿ ಹೇಳಬೇಕು. ಇಂಥ ಕೋರ್ಸ್ ಯಾವುದನ್ನು ಆರಿಸುವಾಗಲೂ ಏನನ್ನು ನೋಡಬೇಕು ಅನ್ನುವುದು ನಿಮಗೆ ಸಿಕ್ಕರೆ ಸಾಕು.

ಮೊದಲು ಎರಡನೇ ವಾರದ ಬಗ್ಗೆ ಹೇಳುತ್ತೇನೆ. ಈ ಕೋರ್ಸಿನ ಜೀವ ಇರುವುದು ಅಲ್ಲೇ.

ಪಾಠ ಮೊಲದಿಂದ ಶುರುವಾಗುತ್ತೆ. ಓಸ್ಲೋದ ಪ್ರಯೋಗಾಲಯವೊಂದರಲ್ಲಿ ಟೆರ್ಯೆ ಲೋಮೊ ಮತ್ತು ಟಿಮ್ ಬ್ಲಿಸ್ ಮೊಲಗಳ ಮೆದುಳಿನಲ್ಲಿ ನೆನಪು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್‌ಗೆ ಹೋಗುವ ನರದ ದಾರಿಗೆ ಸಣ್ಣ ವಿದ್ಯುತ್ ಕೊಡುತ್ತಿದ್ದರು. ಬೇಗಬೇಗ ಒಂದಷ್ಟು ಸಲ ಕೊಟ್ಟರೆ, ಆಮೇಲೆ ಅದೇ ಸಣ್ಣ ತಟ್ಟುವಿಕೆಗೆ ಕೋಶಗಳು ಮೊದಲಿಗಿಂತ ಜೋರಾಗಿ ಉತ್ತರ ಕೊಟ್ಟವು. ಕೆಲವು ಮೊಲಗಳಲ್ಲಿ ಅರ್ಧ ಗಂಟೆ, ಕೆಲವುದರಲ್ಲಿ 10 ಗಂಟೆಯವರೆಗೂ. ಇದು ಪ್ರಕಟವಾಗಿದ್ದು 1973ರಲ್ಲಿ. ಎರಡು ಕೋಶಗಳ ನಡುವಿನ ಸಂಪರ್ಕ ಬಳಸಿದಷ್ಟೂ ಗಟ್ಟಿಯಾಗುತ್ತೆ, ಆ ಗಟ್ಟಿತನ ಉಳಿಯುತ್ತೆ. ಜೊತೆಯಾಗಿ ಕೆಲಸ ಮಾಡಿದ ಕೋಶಗಳ ಸಂಪರ್ಕ ಬಲವಾಗುತ್ತೆ ಅಂತ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿ ಬರೆದಿದ್ದರು. ಇಲ್ಲಿ ಅದು ಕಣ್ಣೆದುರು ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಆ ಮೊಲಗಳಿಗೆ ಅನಸ್ತೇಶಿಯಾ ಕೊಟ್ಟಿತ್ತು. ಪಾಠ ಮಾಡುವ ಮೇಡಂ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ನಾನು ವಿಡಿಯೋ ನಿಲ್ಲಿಸಿ ಸುಮ್ಮನೆ ಕೂತೆ. ಹಾಗಾದರೆ ಎಲ್ಲ ಅನಸ್ತೇಶಿಯಾ ಔಷಧಿಯೂ ಎಲ್ಲ ಬಾಗಿಲನ್ನೂ ಮುಚ್ಚುವುದಿಲ್ಲ. ಯಾವ ಔಷಧಿ ಎಲ್ಲಿ ಕೂರುತ್ತೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆಮೇಲೆ ಬರುವುದು ಎನ್‌ಎಂಡಿಎ ರಿಸೆಪ್ಟರ್. ಇದನ್ನು ನಾನು ನನ್ನ ನೋಟ್‌ಬುಕ್ಕಿನಲ್ಲಿ ‘ಬಿರಡೆ ಹಾಕಿದ ಬಾಗಿಲು’ ಅಂತ ಬರೆದುಕೊಂಡಿದ್ದೇನೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕೊಡುವಾಗ ನಡುವಿನ ಸಂದಿನಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕ ಬಿಡುತ್ತೆ. ಆ ಸಂದು ಸುಮಾರು 20 ನ್ಯಾನೋಮೀಟರ್ ಅಷ್ಟೇ. ಗ್ಲುಟಮೇಟ್ ಆಚೆ ದಡದ ಬಾಗಿಲುಗಳಿಗೆ ಹೋಗಿ ಅಂಟುತ್ತೆ. ಅಲ್ಲಿ ಎರಡು ಥರದ ಬಾಗಿಲು ಇವೆ. ಎಎಂಪಿಎ ಅನ್ನುವುದು ತಕ್ಷಣ ತೆರೆಯುತ್ತೆ, ಸೋಡಿಯಂ ಒಳಗೆ ನುಗ್ಗುತ್ತೆ, ಮಾಮೂಲಿ ಸುದ್ದಿ ದಾಟುತ್ತೆ. ಪಕ್ಕದ ಎನ್‌ಎಂಡಿಎ ಬಾಗಿಲಿಗೂ ಗ್ಲುಟಮೇಟ್ ಅಂಟುತ್ತೆ, ಆದರೆ ಅದರ ಕೊಳವೆಯೊಳಗೆ ಒಂದು ಮೆಗ್ನೀಷಿಯಂ ಅಯಾನು ಸಿಕ್ಕಿಕೊಂಡಿರುತ್ತೆ. ಬಾಗಿಲು ತೆರೆದರೂ ದಾರಿ ಇಲ್ಲ. ಕೋಶದ ಒಳಗಿನ ವಿದ್ಯುತ್ ಸ್ಥಿತಿ ಬದಲಾದಾಗ, ಅಂದರೆ ಆಚೆ ಕೋಶವೂ ಅದೇ ಹೊತ್ತಿಗೆ ಜೋರಾಗಿ ಎಚ್ಚೆತ್ತಾಗ ಮಾತ್ರ, ಆ ಮೆಗ್ನೀಷಿಯಂ ಹೊರಗೆ ಜಾರುತ್ತೆ. ಆಗ ಕ್ಯಾಲ್ಸಿಯಂ ಒಳಗೆ ಬರುತ್ತೆ. ಆ ಕ್ಯಾಲ್ಸಿಯಂ ಬಂದರೆ ಮಾತ್ರ ‘ಇದನ್ನು ಉಳಿಸಿಕೋ’ ಅನ್ನುವ ಕೆಲಸ ಶುರು.

ಮೆಗ್ನೀಷಿಯಂ! ರಕ್ತದೊತ್ತಡ ಏರಿ ಫಿಟ್ಸ್ ಬರುವ ಗರ್ಭಿಣಿಯರಿಗೆ ನಾವು ಹಾಕುವ ಮೆಗ್ನೀಷಿಯಂ ಸಲ್ಫೇಟಿನಲ್ಲಿ ಇರುವುದು ಇದೇ ಅಯಾನು. ಎಷ್ಟು ಸಲ ಆ ಆಂಪೂಲ್ ಒಡೆದಿದ್ದೇನೋ ಲೆಕ್ಕವಿಲ್ಲ. ನನ್ನ ತಲೆಯೊಳಗೆ ಪ್ರತಿ ಕ್ಷಣ ಇದೇ ಅಯಾನು ಕೋಟ್ಯಂತರ ಬಾಗಿಲುಗಳಲ್ಲಿ ಬಿರಡೆಯ ಹಾಗೆ ಕೂತಿದೆ ಅನ್ನುವುದು ಅವತ್ತಿನವರೆಗೆ ಗೊತ್ತಿರಲಿಲ್ಲ.

ಈ ಪಾಠದ ಜೊತೆ ಒಂದು ಸಿಮ್ಯುಲೇಷನ್ ಕೊಟ್ಟಿದ್ದಾರೆ. ಅದು ಬಹಳ ಚೆನ್ನಾಗಿದೆ. ಪರದೆಯಲ್ಲಿ ಒಂದು ಸಿನಾಪ್ಸ್ (ಎರಡು ನರಕೋಶ ಸಂಧಿಸುವ ಜಾಗ), ಕೆಳಗೆ ಎರಡು ಕಡ್ಡಿ. ಒಂದನ್ನು ಎಳೆದರೆ ಗ್ಲುಟಮೇಟ್ ಜಾಸ್ತಿಯಾಗುತ್ತೆ. ಇನ್ನೊಂದನ್ನು ಎಳೆದರೆ ಕೋಶದ ವೋಲ್ಟೇಜ್ ಬದಲಾಗುತ್ತೆ. ವೋಲ್ಟೇಜನ್ನು ಮೈನಸ್ 70 ಮಿಲಿವೋಲ್ಟಿನಲ್ಲೇ ಬಿಟ್ಟು ಗ್ಲುಟಮೇಟನ್ನು ತುದಿಯವರೆಗೆ ಎಳೆದೆ. ಮೆಗ್ನೀಷಿಯಂ ತೋರಿಸುವ ಹಸಿರು ಚುಕ್ಕಿ ಅಲ್ಲಾಡಿತು, ಜಾಗ ಬಿಟ್ಟು ಕದಲಲಿಲ್ಲ. ಗ್ಲುಟಮೇಟ್ ಸೊನ್ನೆ ಮಾಡಿ ವೋಲ್ಟೇಜ್ ಏರಿಸಿದೆ. ಆಗಲೂ ಏನೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಏರಿಸಿದಾಗ ಹಸಿರು ಚುಕ್ಕಿ ಟಕ್ಕನೆ ಹೊರಗೆ ಹೋಯಿತು, ಹಳದಿ ಕ್ಯಾಲ್ಸಿಯಂ ಚುಕ್ಕಿಗಳು ಸಾಲಾಗಿ ಒಳಗೆ ಇಳಿದವು. ನಾನು ಅದನ್ನು ಎಷ್ಟು ಸಲ ಮಾಡಿದೆನೋ. ಎರಡು ಸಂಗತಿ ಒಟ್ಟಿಗೆ ನಡೆದಾಗ ಮಾತ್ರ ಅವುಗಳ ನಂಟನ್ನು ಮೆದುಳು ಹಿಡಿದಿಡುತ್ತೆ ಅನ್ನುವುದು ಒಂದೇ ಒಂದು ಅಣುವಿನ ಮಟ್ಟದಲ್ಲಿ ಹೀಗೆ ಕಾಣಿಸುತ್ತೆ.

ಇದು ಬರೀ ಚಿತ್ರದ ಕಥೆ ಅಲ್ಲ ಅನ್ನುವುದಕ್ಕೆ ಮೇಡಂ 1986ರ ಪ್ರಯೋಗ ಹೇಳುತ್ತಾರೆ. ರಿಚರ್ಡ್ ಮಾರಿಸ್ ಮತ್ತು ಜೊತೆಗಾರರು ಇಲಿಗಳ ಮೆದುಳಿಗೆ ಎಪಿ5 ಅನ್ನುವ, ಈ ಬಾಗಿಲನ್ನು ಮಾತ್ರ ತಡೆಯುವ ವಸ್ತು ಕೊಟ್ಟರು. ಮಸುಕು ನೀರಿನ ತೊಟ್ಟಿಯಲ್ಲಿ ಒಂದು ಮೆಟ್ಟಿಲು ಅಡಗಿರುತ್ತೆ, ಇಲಿ ಈಜಿ ಹುಡುಕಬೇಕು. ಸಾಮಾನ್ಯ ಇಲಿ ಕೆಲವೇ ಸಲದಲ್ಲಿ ಜಾಗ ಕಲಿಯುತ್ತೆ. ಎಪಿ5 ಕೊಟ್ಟ ಇಲಿಗಳು ಈಜಿದವು, ಆದರೆ ಜಾಗ ಕಲಿಯೋಕೆ ತುಂಬಾ ಕಷ್ಟಪಟ್ಟವು.

ಇಲ್ಲಿಗೆ ನನ್ನ ಪ್ರಶ್ನೆಯ ಒಂದು ತುದಿ ಕೈಗೆ ಸಿಕ್ಕಿತು. ಮಿಡಜೋಲಾಂ ಕೂರುವುದು ಗ್ಯಾಬಾ-ಎ ರಿಸೆಪ್ಟರಿನ ಮೇಲೆ. ಗ್ಯಾಬಾ ಅಂದರೆ ಮೆದುಳಿನ ‘ಸುಮ್ಮನಿರು’ ಸಂದೇಶ. ಮಿಡಜೋಲಾಂ ಇದ್ದಾಗ ಆ ಬಾಗಿಲು ಪದೇ ಪದೇ ತೆರೆಯುತ್ತೆ, ಕ್ಲೋರೈಡ್ ಒಳಗೆ ಬರುತ್ತೆ, ಕೋಶವನ್ನು ಎಬ್ಬಿಸುವುದು ಕಷ್ಟವಾಗುತ್ತೆ. ಕೋಶ ಏಳದಿದ್ದರೆ ಮೆಗ್ನೀಷಿಯಂ ಕದಲುವುದಿಲ್ಲ. ಮಾಮೂಲಿ ಸುದ್ದಿ ದಾಟುತ್ತೆ, ಅದಕ್ಕೇ ಆ ಅಮ್ಮ ಮಾತಾಡಿದರು, ನಕ್ಕರು. ಉಳಿಸಿಕೊಳ್ಳುವ ಕೆಲಸ ಮಾತ್ರ ಶುರುವಾಗಲಿಲ್ಲ. ಕ್ಯಾನುಲಾ ಹಾಕಿದ್ದು ಔಷಧಿಗೆ ಮುಂಚೆ, ಅದಕ್ಕೆ ಅದು ಉಳಿಯಿತು. ಮಿಡಜೋಲಾಂ ಹಿಂದಿನ ನೆನಪನ್ನು ಅಳಿಸುವುದಿಲ್ಲ, ಮುಂದಿನದನ್ನು ಕಟ್ಟಲು ಬಿಡುವುದಿಲ್ಲ. ಮಿಡಜೋಲಾಂ ಪರಿಣಾಮ ಇಳಿಸುವ ಫ್ಲೂಮಾಜೆನಿಲ್ ಕೊಟ್ಟು ಎಚ್ಚರಿಸಿದರೂ ಆ ಹೊತ್ತಿನ ಮಾತು ವಾಪಸ್ ಬರುವುದಿಲ್ಲ, ಯಾಕೆಂದರೆ ಅದನ್ನು ಎಲ್ಲೂ ಬರೆದೇ ಇಲ್ಲ. ಮೇಡಂ ಮಿಡಜೋಲಾಂ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಆದರೆ ಅವರ ಪಾಠದಿಂದ ಇಷ್ಟನ್ನು ನಾನೇ ಜೋಡಿಸಿಕೊಳ್ಳಲು ಆಯಿತು. ಒಂದು ಕೋರ್ಸಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹತ್ತಿರ ಇಲ್ಲ.

ಇನ್ನು ಮೊದಲನೇ ವಾರ. ಚರಿತ್ರೆ. ಸ್ವಲ್ಪ ಉದ್ದವಾಯ್ತು. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತೆ ಅಂತ ಅಳೆದದ್ದು ಚೆನ್ನಾಗಿದೆ. ಉಳಿದದ್ದನ್ನು ವೇಗವಾಗಿ ಓಡಿಸಿ ನೋಡಬಹುದು. ಆದರೆ ಹೆನ್ರಿ ಮೊಲೈಸನ್ ಭಾಗವನ್ನು ಮಾತ್ರ ಓಡಿಸಬೇಡಿ. ಫಿಟ್ಸ್ ನಿಲ್ಲಿಸಲು 1953ರಲ್ಲಿ ವಿಲಿಯಂ ಸ್ಕೋವಿಲ್ ಅನ್ನುವ ಸರ್ಜನ್ ಹೆನ್ರಿಯ ಮೆದುಳಿನ ಎರಡೂ ಕಡೆಯಿಂದ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದುಹಾಕಿದರು. ಆಗ ಹೆನ್ರಿಗೆ 27 ವರ್ಷ. ಅಲ್ಲಿಂದ 2008ರಲ್ಲಿ ಸಾಯುವವರೆಗೆ ಅವರಿಗೆ ಹೊಸ ಘಟನೆಗಳ ನೆನಪು ಉಳಿಯಲೇ ಇಲ್ಲ. ಬದುಕಿದ್ದಷ್ಟು ದಿನ ಜಗತ್ತಿಗೆ ಅವರು ಬರೀ ಎಚ್.ಎಂ. ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸಲು ಹೆನ್ರಿಗೆ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಮೊದಲು ಇದನ್ನು ಮಾಡಿದ್ದೇನೆ ಅನ್ನುವುದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ, ಅವು ಕಟ್ಟುವ ಜಾಗಗಳೂ ಬೇರೆ ಅಂತ ಗೊತ್ತಾಗಿದ್ದು ಹೀಗೆ.

ಥಿಯೇಟರಿನಲ್ಲಿ ಕೆಲಸ ಮಾಡುವವಳಿಗೆ ಈ ಕಥೆ ಬೇರೆಯೇ ಥರ ತಟ್ಟುತ್ತೆ. ಆ ದಿನವೂ ಅಲ್ಲಿ ಯಾರೋ ಟ್ರೇ ಜೋಡಿಸಿರುತ್ತಾರೆ, ಯಾರೋ ಹತ್ತಿ ಎಣಿಸಿರುತ್ತಾರೆ. ಎಲ್ಲ ಸರಿಯಾಗಿ ಮುಗಿಯಿತು ಅಂದುಕೊಂಡೇ ಮನೆಗೆ ಹೋಗಿರುತ್ತಾರೆ.

ಮೂರನೇ ವಾರ ಕಷ್ಟ. ಕ್ಯಾಲ್ಸಿಯಂ ಒಳಗೆ ಬಂದ ಮೇಲೆ ಏನಾಗುತ್ತೆ ಅನ್ನುವ ಪಾಠ ಇದು. ಪ್ರೋಟೀನುಗಳ ಹೆಸರೇ ಹೆಸರು. ಅದರಲ್ಲಿ ಹಿಡಿದುಕೊಳ್ಳಬೇಕಾದ್ದು ಒಂದೇ, ಕ್ಯಾಮ್‌ಕೈನೇಸ್-2. ಇದು 12 ತುಂಡು ಸೇರಿ ಆದ ಚಕ್ರದಂಥ ಕಿಣ್ವ. ಕ್ಯಾಲ್ಸಿಯಂ ತಾಗಿದರೆ ಚುರುಕಾಗುತ್ತೆ. ಒಂದು ತುಂಡು ಪಕ್ಕದ ತುಂಡಿಗೆ ಫಾಸ್ಫೇಟ್ ಅಂಟಿಸುತ್ತೆ. ಹಾಗೆ ಅಂಟಿಸಿಕೊಂಡ ತುಂಡು ಕ್ಯಾಲ್ಸಿಯಂ ಹೊರಟುಹೋದ ಮೇಲೂ ಸ್ವಲ್ಪ ಹೊತ್ತು ಕೆಲಸ ಬಿಡುವುದಿಲ್ಲ. ಅದರ ಕೆಲಸದ ಫಲವಾಗಿ ಆ ಸಿನಾಪ್ಸಿಗೆ ಇನ್ನಷ್ಟು ಎಎಂಪಿಎ ಬಾಗಿಲುಗಳು ಬಂದು ಕೂರುತ್ತವೆ. ಮುಂದಿನ ಸಲ ಅಷ್ಟೇ ಗ್ಲುಟಮೇಟಿಗೆ ಜೋರಾದ ಉತ್ತರ. 1992ರಲ್ಲಿ ಅಲ್ಸಿನೋ ಸಿಲ್ವಾ ಮತ್ತು ಸುಸುಮು ಟೊನೆಗಾವಾ ಅವರ ತಂಡ ಈ ಕಿಣ್ವದ ಮುಖ್ಯ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಸಂಪರ್ಕ ಗಟ್ಟಿಯಾಗುವುದೂ ಕೆಟ್ಟಿತ್ತು, ಜಾಗ ಕಲಿಯುವುದೂ ಕೆಟ್ಟಿತ್ತು. ಇಷ್ಟನ್ನು ಮೇಡಂ ಎರಡು ಗಂಟೆ ಹೇಳಿದ್ದಾರೆ, ನಡುವೆ ಉಸಿರು ಬಿಡಲು ಜಾಗವಿಲ್ಲ. ಇದಕ್ಕೆ ಎರಡು ವಾರ ಇಡಬೇಕಿತ್ತು.

ನಾನು ಈ ಪಾಠವನ್ನು ಮೊದಲ ಸಲ ನೋಡಿದ್ದು ನೈಟ್ ಡ್ಯೂಟಿ ಮುಗಿಸಿ ಬಂದು, ಮಲಗದೆ. ಪರೀಕ್ಷೆಯಲ್ಲಿ ಹತ್ತಕ್ಕೆ ಮೂರು. ರಜೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಮತ್ತೆ ನೋಡಿದೆ, ಒಂಬತ್ತು ಬಂತು. ಎರಡನೇ ಸಲ ನೋಡಿದ್ದರಿಂದಲೂ ಇರಬಹುದು, ಆದರೆ ಐದನೇ ವಾರದಲ್ಲಿ ನಿದ್ದೆಯ ಪಾಠ ಬಂದಾಗ ನನಗೆ ಅದೇ ನೆನಪಾಯಿತು. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ತೋರಿಸಿದ್ದು: ಇಲಿ ಓಡಾಡುವಾಗ ಹಿಪೊಕ್ಯಾಂಪಸ್‌ನಲ್ಲಿ ಜೊತೆಯಾಗಿ ಮಿಡಿದ ಕೋಶಗಳು, ಆಮೇಲೆ ಅದು ನಿದ್ದೆ ಮಾಡುವಾಗ ಮತ್ತೆ ಜೊತೆಯಾಗಿ ಮಿಡಿಯುತ್ತವೆ. ಹಗಲಿನ ಕೆಲಸವನ್ನು ಮೆದುಳು ರಾತ್ರಿ ಮತ್ತೆ ತಿರುವಿಹಾಕುತ್ತೆ. ಪಾಳಿಯ ಕೆಲಸದವರಿಗೆ ಹೊಸ ಯಂತ್ರದ ತರಬೇತಿಯನ್ನು ನೈಟ್ ಮುಗಿದ ಬೆಳಗ್ಗೆಯೇ ಇಡುವ ಪದ್ಧತಿ ತಪ್ಪು ಅಂತ ನಾನು ಮೊದಲಿನಿಂದ ಹೇಳುತ್ತಿದ್ದೆ. ಈಗ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ನಾಲ್ಕನೇ ವಾರ ಮತ್ತೆ ಹಬ್ಬ. ಅಪ್ಲಿಸಿಯಾ ಅನ್ನುವ ಕಡಲ ಜೀವಿ, ಬಸವನಹುಳುವಿನ ಬಳಗದ್ದು. ಅದರ ಇಡೀ ನರಮಂಡಲದಲ್ಲಿ ಇರುವುದು ಸುಮಾರು 20,000 ನರಕೋಶ. ಕೆಲವು ಕೋಶಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಎರಿಕ್ ಕ್ಯಾಂಡೆಲ್ ಇದನ್ನೇ ಹಿಡಿದು ದಶಕಗಟ್ಟಲೆ ಕೂತರು, 2000ದ ನೊಬೆಲ್ ಪ್ರಶಸ್ತಿಯನ್ನು ಆರ್ವಿಡ್ ಕಾರ್ಲ್‌ಸನ್ ಮತ್ತು ಪಾಲ್ ಗ್ರೀನ್‌ಗಾರ್ಡ್ ಜೊತೆ ಹಂಚಿಕೊಂಡರು. ಅಪ್ಲಿಸಿಯಾದ ಬಾಲಕ್ಕೆ ಒಂದು ಸಲ ಶಾಕ್ ಕೊಟ್ಟರೆ, ಆಮೇಲೆ ಮೆಲ್ಲಗೆ ಮುಟ್ಟಿದರೂ ಅದು ಕಿವಿರನ್ನು ಜೋರಾಗಿ ಒಳಗೆಳೆದುಕೊಳ್ಳುತ್ತೆ. ಈ ಅಂಜಿಕೆ ಕೆಲವು ನಿಮಿಷ ಇರುತ್ತೆ. ಬಿಟ್ಟು ಬಿಟ್ಟು ಹಲವು ಸಲ ಕೊಟ್ಟರೆ ದಿನಗಟ್ಟಲೆ ಇರುತ್ತೆ.

ಒಳಗೆ ನಡೆಯುವುದು ಇದು. ಶಾಕ್ ಆದಾಗ ಸೆರೊಟೋನಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತೆ. ಅದರಿಂದ ಕೋಶದೊಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಂಪಿ ಅನ್ನುವ ಅಣು ಏರುತ್ತೆ. ಅದು ಪ್ರೋಟೀನ್ ಕೈನೇಸ್-ಎ ಅನ್ನುವ ಕಿಣ್ವವನ್ನು ಎಬ್ಬಿಸುತ್ತೆ. ಒಂದೇ ಸಲವಾದರೆ ಆ ಕಿಣ್ವ ಅಲ್ಲಲ್ಲೇ ಕೆಲಸ ಮಾಡಿ, ಪೊಟ್ಯಾಸಿಯಂ ಕೊಳವೆ ಕೆಲವನ್ನು ಮುಚ್ಚಿ, ನರದ ತುದಿಯಿಂದ ಸುದ್ದಿ ಜಾಸ್ತಿ ಹೋಗುವ ಹಾಗೆ ಮಾಡಿ ಸುಮ್ಮನಾಗುತ್ತೆ. ಹಲವು ಸಲವಾದರೆ ಅದು ಕೋಶದ ನ್ಯೂಕ್ಲಿಯಸ್ಸಿಗೇ ಹೋಗುತ್ತೆ. ಅಲ್ಲಿ ಕ್ರೆಬ್ ಅನ್ನುವ ಪ್ರೋಟೀನಿನ ಮೂಲಕ ಜೀನುಗಳನ್ನು ಎಬ್ಬಿಸುತ್ತೆ. ಹೊಸ ಪ್ರೋಟೀನ್ ತಯಾರಾಗುತ್ತೆ. ಹೊಸ ಸಂಪರ್ಕಗಳೇ ಬೆಳೆಯುತ್ತವೆ. ದೀರ್ಘಕಾಲ ಕಲಿತ ಅಪ್ಲಿಸಿಯಾದಲ್ಲಿ ಆ ನರಕೋಶದ ತುದಿಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗಿದ್ದನ್ನು ಕ್ರೇಗ್ ಬೈಲಿ ಮತ್ತು ಮೇರಿ ಚೆನ್ ಎಣಿಸಿ ತೋರಿಸಿದರು. ಅಂದರೆ ಸ್ವಲ್ಪ ಹೊತ್ತಿನ ನೆನಪು ಇರುವ ಸಾಮಾನಿನಲ್ಲೇ ಆಗುವ ಹೊಂದಾಣಿಕೆ. ಬಹಳ ದಿನದ ನೆನಪಿಗೆ ಕಟ್ಟಡದ ಕೆಲಸವೇ ಬೇಕು.

ತಟ್ಟೆಯಲ್ಲಿ ಬೆಳೆಸಿದ ಎರಡೇ ಕೋಶಗಳ ಮೇಲೂ ಇದನ್ನು ಮಾಡಿ ನೋಡಿದ್ದಾರೆ. ಒಂದು ಹನಿ ಸೆರೊಟೋನಿನ್ ಕೊಟ್ಟರೆ ಬದಲಾವಣೆ ಕೆಲವು ನಿಮಿಷ. ನಡುವೆ ಬಿಡುವು ಕೊಟ್ಟು ಐದು ಸಲ ಕೊಟ್ಟರೆ ಒಂದು ದಿನಕ್ಕೂ ಜಾಸ್ತಿ. ಬಿಟ್ಟು ಬಿಟ್ಟು ಓದಿದರೆ ಉಳಿಯುತ್ತೆ ಅಂತ ನಮಗೆ ಟೀಚರ್ ಹೇಳುತ್ತಿದ್ದ ಮಾತು ಎರಡು ಕೋಶಗಳ ಮಟ್ಟದಲ್ಲೂ ನಿಜ! ಕೋರ್ಸ್ ಮಾಡಿದವರೂ ಇದನ್ನು ತಾವೇ ಪಾಲಿಸಿದ್ದಾರೆ. ಒಂದು ವಾರದ ಪ್ರಶ್ನೆಗಳು ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೇಳದೆ ಕೇಳದೆ ಬರುತ್ತವೆ. ಮೊದಲು ಕಿರಿಕಿರಿ ಆಯ್ತು. ಈಗ ಯಾರ ಸಹಾಯವೂ ಇಲ್ಲದೆ ಇಷ್ಟನ್ನು ಬರೆಯುತ್ತಿದ್ದೇನೆ ಅಂದರೆ ಅದರಿಂದಲೇ.

ಇದೇ ವಾರದಲ್ಲಿ ಗೋಲ್ಡ್‌ಫಿಶ್ ಪ್ರಯೋಗ ಇದೆ. 1960ರ ದಶಕದಲ್ಲಿ ಬರ್ನಾರ್ಡ್ ಅಗ್ರನಾಫ್ ಮಾಡಿದ್ದು. ಬೆಳಕು ಕಂಡರೆ ತೊಟ್ಟಿಯ ಆಚೆ ಬದಿಗೆ ದಾಟಬೇಕು, ಇಲ್ಲವಾದರೆ ಶಾಕ್. ಮೀನುಗಳು ಕಲಿತವು. ಕಲಿತ ತಕ್ಷಣ ಪ್ರೋಟೀನ್ ತಯಾರಿಕೆ ನಿಲ್ಲಿಸುವ ಪ್ಯೂರೋಮೈಸಿನ್ ಕೊಟ್ಟರೆ ಕೆಲವು ದಿನದ ಮೇಲೆ ಆ ಕಲಿಕೆ ಉಳಿದಿರಲಿಲ್ಲ. ಒಂದು ಗಂಟೆ ತಡವಾಗಿ ಕೊಟ್ಟರೆ ಉಳಿದಿತ್ತು. ಆ ಒಂದು ಗಂಟೆ! ನೆನಪು ಅನ್ನುವುದು ಕ್ಷಣದಲ್ಲಿ ಬೀಳುವ ಮುದ್ರೆ ಅಲ್ಲ. ಹೊಸ ಗಾಯಕ್ಕೆ ಹೊಲಿಗೆ ಹಾಕಿದ ಮೇಲೂ ಅದು ಕೂಡಿಕೊಳ್ಳಲು ಸಮಯ ಬೇಕಲ್ವಾ, ಹಾಗೆ.

ಇದು ನನ್ನ ಕೆಲಸದಲ್ಲಿ ಒಂದು ಬದಲಾವಣೆ ತಂದಿದೆ. ಡೇ ಕೇರ್ ಆಪರೇಷನ್ ಆದವರಿಗೆ ರಿಕವರಿಯಲ್ಲೇ ಸೂಚನೆ ಹೇಳುತ್ತೇವೆ. ಕಟ್ಟು ಒದ್ದೆ ಮಾಡಬೇಡಿ, ಇಂಥ ಮಾತ್ರೆ ಇಷ್ಟು ಸಲ. ಅವರು ಪೂರ್ತಿ ಎಚ್ಚರವಾಗಿಯೇ “ಆಯ್ತು ಸಿಸ್ಟರ್” ಅನ್ನುತ್ತಾರೆ, ಕೆಲವರು ವಾಪಸ್ ಒಪ್ಪಿಸುತ್ತಾರೆ ಕೂಡ. ಬರೆದು ಕೊಡಬೇಕು, ಜೊತೆಗಿದ್ದವರಿಗೂ ಹೇಳಬೇಕು ಅನ್ನುವ ನಿಯಮ ಮೊದಲಿನಿಂದಲೂ ಇದೆ. ಗಡಿಬಿಡಿಯಲ್ಲಿ ನಾನು ಎಷ್ಟೋ ಸಲ ರೋಗಿಗೇ ಹೇಳಿ ಮುಗಿಸಿದ್ದೇನೆ, ಅವರು ಅಷ್ಟು ಚೆನ್ನಾಗಿ ತಲೆಯಾಡಿಸುತ್ತಿದ್ದರು. ಈಗ ಆ ತಲೆಯಾಡಿಸುವಿಕೆಯನ್ನು ನಾನು ನಂಬುವುದಿಲ್ಲ. ಬಾಗಿಲಿನ ಬಿರಡೆ ಕಣ್ಣಮುಂದೆ ಬರುತ್ತೆ. ಮಗನೋ ಮಗಳೋ ಬರುವವರೆಗೆ ಕಾಯುತ್ತೇನೆ.

ಈಗ ದೂರುಗಳು. ಕ್ಯಾಪ್ಷನ್ ಕೆಟ್ಟದಾಗಿದೆ. ಯಂತ್ರವೇ ಬರೆದದ್ದು, ಯಾರೂ ತಿದ್ದಿಲ್ಲ. ಕ್ರೆಬ್ ಅನ್ನುವ ಕಡೆಯೆಲ್ಲ ಕ್ರ್ಯಾಬ್ ಅಂತ ಬರುತ್ತೆ. ಕಡಲ ಜೀವಿಯ ಪಾಠದಲ್ಲಿ ಏಡಿ ಬಂದರೆ ಕಲಿಯುವವರು ಏನಂತ ತಿಳಿಯಬೇಕು? ಇಂಗ್ಲಿಷ್ ಮನೆಭಾಷೆ ಅಲ್ಲದವರು ಕ್ಯಾಪ್ಷನ್ ನೆಚ್ಚಿಕೊಂಡೇ ಇಂಥ ಕೋರ್ಸಿಗೆ ಸೇರುವುದು. ಇನ್ನೊಂದು, ವಾರದ ಪರೀಕ್ಷೆ ಭಾನುವಾರ ಮಧ್ಯರಾತ್ರಿಗೆ ಮುಚ್ಚಿಬಿಡುತ್ತೆ. ಒಂದು ಭಾನುವಾರ ಎಮರ್ಜೆನ್ಸಿ ಕೇಸ್ ಮುಗಿಸಿ ನಾನು ಗ್ಲೌಸ್ ಬಿಚ್ಚುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಸಹಾಯಕ್ಕೆ ಬರೆದರೆ ಒಂಬತ್ತು ದಿನದ ಮೇಲೆ ಉತ್ತರ ಬಂತು, ಅದೂ ಆಗಲ್ಲ ಅಂತ.

ಆದರೆ ನನಗೆ ನಿಜವಾಗಿ ಬೇಜಾರಾಗಿದ್ದು ಐದನೇ ವಾರದ ಒಂದು ಪಾಠ. ಪ್ರೋಟೀನುಗಳು ದಿನಗಳಲ್ಲೋ ವಾರಗಳಲ್ಲೋ ಸವೆದು ಹೊಸದು ಬರುತ್ತೆ, ಹಾಗಿದ್ದರೆ ಐವತ್ತು ವರ್ಷದ ಹಿಂದಿನ ನೆನಪು ಹೇಗೆ ಉಳಿಯುತ್ತೆ? 1984ರಲ್ಲಿ ಫ್ರಾನ್ಸಿಸ್ ಕ್ರಿಕ್ ಎತ್ತಿದ ಪ್ರಶ್ನೆ ಇದು, ಬಹಳ ಒಳ್ಳೆಯ ಪ್ರಶ್ನೆ. ಉತ್ತರವಾಗಿ ಪಾಠದಲ್ಲಿ ಟಾಡ್ ಸ್ಯಾಕ್ಟರ್ ಅವರ ಪಿಕೆಎಂ-ಝೀಟಾ ಅನ್ನುವ ಕಿಣ್ವ ಬರುತ್ತೆ. 2006ರಲ್ಲಿ ಅದನ್ನು ತಡೆಯುವ ಝಿಪ್ ಅನ್ನುವ ವಸ್ತು ಕೊಟ್ಟಾಗ ಇಲಿಗಳ ಹಳೆಯ ನೆನಪು ಹೋಯಿತು. ನೆನಪಿನ ಅಣು ಸಿಕ್ಕಿತು ಅನ್ನುವ ಧಾಟಿಯಲ್ಲಿ ಪಾಠ ಮುಗಿಯುತ್ತೆ. ಅಷ್ಟಕ್ಕೇ ಮುಗಿಯಬಾರದಿತ್ತು. 2013ರಲ್ಲಿ ಎರಡು ಬೇರೆ ಬೇರೆ ತಂಡಗಳು ಪಿಕೆಎಂ-ಝೀಟಾ ಇಲ್ಲದ ಇಲಿಗಳನ್ನೇ ಬೆಳೆಸಿದವು. ಅವು ಚೆನ್ನಾಗಿಯೇ ಕಲಿತವು, ನೆನಪಿಟ್ಟುಕೊಂಡವು. ಝಿಪ್ ಕೊಟ್ಟರೆ ಅವುಗಳಲ್ಲೂ ಕೆಲಸ ಮಾಡಿತು. ಇಲ್ಲದ ಕಿಣ್ವವನ್ನು ಅದು ತಡೆಯುವುದು ಹೇಗೆ? ಈ ಕಿಣ್ವ ಇಲ್ಲದಾಗ ಅದರ ಹತ್ತಿರದ ಬಂಧು ಇನ್ನೊಂದು ಕಿಣ್ವ ಆ ಕೆಲಸಕ್ಕೆ ನಿಲ್ಲುತ್ತೆ ಅಂತ ಸ್ಯಾಕ್ಟರ್ ತಂಡ ಉತ್ತರ ಕೊಟ್ಟಿತು. 2024ರಲ್ಲಿ ಕಿಬ್ರಾ ಅನ್ನುವ ಪ್ರೋಟೀನ್ ಪಿಕೆಎಂ-ಝೀಟಾವನ್ನು ಬಲಗೊಂಡ ಸಿನಾಪ್ಸಿನಲ್ಲೇ ಹಿಡಿದಿಡುತ್ತೆ, ಅಣುಗಳು ಬದಲಾದರೂ ಆ ಜೋಡಿ ಉಳಿಯುತ್ತೆ ಅನ್ನುವ ಪ್ರಯೋಗ ಬಂತು. ಎಂಥ ಕಥೆ ಇದು! ಜಗಳ, ಪರೀಕ್ಷೆ, ಮತ್ತೆ ಉತ್ತರ. ಇದನ್ನೆಲ್ಲ ನಾನು ಬೇರೆ ಕಡೆ ಓದಿ ತಿಳಿಯಬೇಕಾಯಿತು. ವಿಡಿಯೋ ಹಳೆಯದು ಅಂತ ಕಾಣುತ್ತೆ. ಹಳೆಯದಾದರೆ ಅದರ ಕೆಳಗೆ ನಾಲ್ಕು ಸಾಲು ಸೇರಿಸಲು ಏನು ಕಷ್ಟ? ಔಷಧಿಯ ಬಗ್ಗೆ ಎಚ್ಚರಿಕೆ ಬದಲಾದರೆ ನಮಗೆ ಅದೇ ದಿನ ಸುತ್ತೋಲೆ ಬರುತ್ತೆ. ಕಲಿಸುವವರಿಗೂ ಅಷ್ಟು ಹೊಣೆ ಇರಬೇಕು.

ಅದೇ ವಾರದ ಇನ್ನೊಂದು ಪಾಠ ಆ ಬೇಜಾರನ್ನು ಕಡಿಮೆ ಮಾಡಿತು. ಅಸಿಟೈಲ್‌ಕೋಲಿನ್ ಬಗ್ಗೆ. ಗಮನಕ್ಕೂ ಹೊಸದನ್ನು ಕಲಿಯುವುದಕ್ಕೂ ಬೇಕಾದ ರಾಸಾಯನಿಕ ಇದು. ಆಲ್ಜೈಮರ್ ಕಾಯಿಲೆಯಲ್ಲಿ ಇದನ್ನು ಮಾಡುವ ಕೋಶಗಳು ಸಾಯುತ್ತವೆ. ಡೊನೆಪೆಜಿಲ್ ಮಾತ್ರೆ, ಇರುವ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದ ಹಾಗೆ ಅದನ್ನು ಒಡೆಯುವ ಕಿಣ್ವವನ್ನು ತಡೆಯುತ್ತೆ. ಓದುತ್ತಿದ್ದ ಹಾಗೆ ನಾನು ಎದ್ದು ನಿಂತೆ. ಆಪರೇಷನ್ ಮುಗಿದ ಮೇಲೆ ಸ್ನಾಯುಗಳಿಗೆ ಶಕ್ತಿ ವಾಪಸ್ ಬರಲು ನಾವು ಕೊಡುವ ನಿಯೋಸ್ಟಿಗ್ಮಿನ್ ಮಾಡುವುದೂ ಇದನ್ನೇ! ಅದೇ ಕಿಣ್ವ, ಅದೇ ತಡೆ. ಒಂದು ಸ್ನಾಯುವಿನ ಹತ್ತಿರ, ಇನ್ನೊಂದು ಮೆದುಳಿನಲ್ಲಿ. ನಿಯೋಸ್ಟಿಗ್ಮಿನ್ ಅಣುವಿಗೆ ವಿದ್ಯುದಂಶ ಇರುವುದರಿಂದ ಅದು ಮೆದುಳಿನ ಗಡಿ ದಾಟುವುದಿಲ್ಲ ಅಷ್ಟೇ. ಅದರ ಜೊತೆ ಕೊಡುವ ಗ್ಲೈಕೋಪೈರೋಲೇಟ್ ಕೂಡ ಹಾಗೇ ದಾಟುವುದಿಲ್ಲ. ಆದರೆ ಹಯೋಸಿನ್ ಅನ್ನುವ ಔಷಧಿ ದಾಟುತ್ತೆ, ಅಸಿಟೈಲ್‌ಕೋಲಿನ್ ಬಾಗಿಲನ್ನು ಅಲ್ಲೇ ಮುಚ್ಚುತ್ತೆ. 20ನೇ ಶತಮಾನದ ಶುರುವಿನಲ್ಲಿ ಹೆರಿಗೆಗೆ ಮಾರ್ಫಿನ್ ಜೊತೆ ಹಯೋಸಿನ್ ಕೊಡುತ್ತಿದ್ದರು. ಹೆಂಗಸರು ನೋವು ಅನುಭವಿಸುತ್ತಿದ್ದರು, ಕೂಗುತ್ತಿದ್ದರು, ಎದ್ದ ಮೇಲೆ ಏನೂ ನೆನಪಿರುತ್ತಿರಲಿಲ್ಲ. ನೆನಪಿಲ್ಲ ಅಂದರೆ ನೋವೇ ಆಗಲಿಲ್ಲ ಅಂತಲ್ಲ. ಇದನ್ನು ನಮ್ಮ ಕೆಲಸದವರು ಯಾವತ್ತೂ ಬಿಡಬಾರದು. ನಾಳೆ ಇವರಿಗೆ ನೆನಪಿರಲ್ಲ ಅನ್ನುವ ಧೈರ್ಯದಲ್ಲಿ ರೋಗಿಯ ಎದುರು ಹೇಗೆಂದರೆ ಹಾಗೆ ಮಾತಾಡುವವರನ್ನು ನಾನು ನೋಡಿದ್ದೇನೆ.

ಕೊನೆಯ ವಾರದಲ್ಲಿ ಹಳೆಯ ನೆನಪನ್ನು ಎತ್ತಿದಾಗ ಅದು ಮತ್ತೆ ಹಸಿಯಾಗುತ್ತೆ ಅನ್ನುವ ಪಾಠ. 2000ದಲ್ಲಿ ಕರೀಂ ನಾದರ್, ಗ್ಲೆನ್ ಶೇಫ್, ಜೋಸೆಫ್ ಲೆಡೂ ಮಾಡಿದ ಪ್ರಯೋಗ. ಒಂದು ಶಬ್ದ ಕೇಳಿದರೆ ಹೆದರಲು ಕಲಿತ ಇಲಿಗೆ ಆ ಶಬ್ದವನ್ನು ಮತ್ತೆ ಕೇಳಿಸಿ, ಆಗ ಪ್ರೋಟೀನ್ ತಯಾರಿಕೆ ತಡೆದರೆ, ಗಟ್ಟಿಯಾಗಿದ್ದ ಆ ಹೆದರಿಕೆಯೇ ಹೋಯಿತು. ಶಬ್ದ ಕೇಳಿಸದೆ ತಡೆದರೆ ಹೋಗಲಿಲ್ಲ. ಇದನ್ನು ಹಾಗೇ ಮನುಷ್ಯರ ಎಲ್ಲ ನೆನಪಿಗೂ ಹಚ್ಚಬೇಡಿ ಅಂತ ಮೇಡಂ ಎಚ್ಚರಿಸುತ್ತಾರೆ, ಅದು ನನಗೆ ಹಿಡಿಸಿತು. ಆದರೂ ನನ್ನ ಮೊದಲ ದಿನದ ಡ್ಯೂಟಿ ನೆನಪಾಯಿತು. ಆಪರೇಷನ್ ನಡುವೆಯೇ ದೀಪ ಹೋಗಿತ್ತು ಅಂತ ನಾನು ಹೊಸಬರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಅವತ್ತು ಜೊತೆಗಿದ್ದ ಸೀನಿಯರ್ ಅಕ್ಕ ಮೊನ್ನೆ ಸಿಕ್ಕಿದಾಗ, “ಅದು ನೀನು ಬಂದು ಎಷ್ಟೋ ತಿಂಗಳಾದ ಮೇಲೆ ಕಣೇ” ಅಂದರು. ನನಗೆ ಮಾತ್ರ ಈಗಲೂ ಆ ಕತ್ತಲು ಮೊದಲ ದಿನದ್ದೇ.

ಯಾರಿಗೆ ಈ ಕೋರ್ಸ್? ಪಿಯುಸಿವರೆಗೆ ಜೀವಶಾಸ್ತ್ರ ಓದಿದವರಿಗೆ ಅರ್ಥವಾಗುತ್ತೆ. ನೆನಪಿನ ಶಕ್ತಿ ಹೆಚ್ಚಿಸುವ ಉಪಾಯ ಬೇಕು ಅನ್ನುವವರಿಗೆ ಅಲ್ಲ, ಅಂಥದ್ದು ಇದರಲ್ಲಿ ಇಲ್ಲ. ನರ್ಸಿಂಗ್, ಫಿಸಿಯೋಥೆರಪಿ, ಪಾಠ ಹೇಳುವವರು, ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಧೈರ್ಯವಾಗಿ ಸೇರಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಪಿಕೆಎಂ-ಝೀಟಾ ಪಾಠಕ್ಕೆ. ಕ್ಯಾಪ್ಷನ್ನನ್ನು ಕ್ಷಮಿಸಿದ್ದೇನೆ.

ಕೊನೆಯ ಅಸೈನ್‌ಮೆಂಟ್: ನಿಮ್ಮ ಕೆಲಸಕ್ಕೆ ಹತ್ತಿರವಾದ ಒಂದು ಅಣುವಿನ ಬಗ್ಗೆ ಒಂದು ಪುಟ ಬರೆಯಿರಿ. ನಾನು ಕೆಟಮಿನ್ ಬಗ್ಗೆ ಬರೆದೆ. ನಾವು ದಿನಾ ಬಳಸುವ ಈ ಅನಸ್ತೇಶಿಯಾ ಔಷಧಿ ಕೂರುವುದು ಎನ್‌ಎಂಡಿಎ ಕೊಳವೆಯ ಒಳಗೇ, ಮೆಗ್ನೀಷಿಯಂ ಕೂರುವ ಜಾಗದ ಹತ್ತಿರ, ಅದೂ ಒಂದು ಬಿರಡೆ ಅಂತ. ಎರಡು ದಿನದಲ್ಲಿ ಮೇಡಂ ಕೈಯಲ್ಲೇ ಬರೆದ ಟಿಪ್ಪಣಿ ಬಂತು. ಮಿಡಜೋಲಾಂ ಜೊತೆ ಹೋಲಿಸಿದ್ದು ಚೆನ್ನಾಗಿದೆ ಅಂದಿದ್ದರು. ಕೆಳಗೆ ಇನ್ನೊಂದು ಸಾಲು: ಕೆಟಮಿನ್ ಒಳಗೆ ಹೋಗಬೇಕಾದರೆ ಆ ಬಾಗಿಲು ಮೊದಲು ತೆರೆಯಬೇಕು, ಇದನ್ನು ಬಿಟ್ಟಿದ್ದೀರಿ. ನಾನು ಸಿಮ್ಯುಲೇಷನ್ ಮತ್ತೆ ತೆರೆದೆ. ಎರಡೂ ಕಡ್ಡಿಗಳನ್ನು ಎಳೆದು, ಹಸಿರು ಚುಕ್ಕಿ ಹೊರಗೆ ಹೋಗುವುದನ್ನು ನೋಡುತ್ತಾ, ಆ ಸಾಲನ್ನು ಸೇರಿಸಿ ಪುಟವನ್ನು ಮತ್ತೆ ಕಳಿಸಿದೆ.